ಬರೀ 42 ಸಾವಿರ ಅಂತ ಹಾಕಿದ್ದೆ, ಆ ಲೆಕ್ಕ ಸುಳ್ಳು

1/6

ಹೋದ ತಿಂಗಳು ಹಾಕಿದ್ದ ರೀಲ್ ನೆನಪಿದೆಯಲ್ಲ? ತೆಂಗಿನ ತೋಟದ ಪಕ್ಕದ ಬೀಳು ಹೊಲ, ಕೆಂಪು ಧೂಳು, ಅದರ ಮಧ್ಯೆ ನಮ್ಮ ಮೂರು ಚಕ್ರದ ಕಾರು. ಮುಂದೆ ಎರಡು ಚಕ್ರ, ಹಿಂದೆ ಒಂದು, ಸೀಟಿನ ಬೆನ್ನಿಗೆ 150 ಸಿಸಿ ಬೈಕ್ ಇಂಜಿನ್. ನಾನು ಹಾಕಿದ ಯಾವ ವಿಡಿಯೋನೂ ಅಷ್ಟು ಜನ ನೋಡಿರಲಿಲ್ಲ. ಕ್ಯಾಂಟೀನಲ್ಲಿ ನಮ್ಮ ಕ್ಲಾಸಿನವರು "ಏನ್ ಇಂಜಿನಿಯರ್ ಸಾಹೇಬ್ರೆ" ಅಂತ ಕರೆಯೋಕೆ ಶುರು ಮಾಡಿದ್ರು. ಬಿಕಾಂ ಓದೋನಿಗೆ!

ವಿಡಿಯೋ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಗುಜರಿ ಸಾಮಾನು, ಬೈಕ್ ಇಂಜಿನ್, ಬರೀ 42 ಸಾವಿರದಲ್ಲಿ ಕಾರು.

ಮೊನ್ನೆ ಒಬ್ಬ ಹುಡುಗ ಮೆಸೇಜ್ ಮಾಡಿದ. ಸೆಕೆಂಡ್ ಪಿಯುಸಿ ಅಂತೆ. "ಅಣ್ಣಾ, ನಿಮ್ದು ನೋಡಿ ನಾನೂ ಶುರು ಮಾಡಿದೀನಿ. ಅಪ್ಪನ ಹಳೇ ಬೈಕ್ ಬಿಚ್ಚಿದ್ದಾಯ್ತು. 42 ಸಾವಿರ ಹೊಂದಿಸ್ಕೊಂಡಿದೀನಿ. ಹಬ್ಬಕ್ಕೆ ಊರಲ್ಲಿ ಒಂದು ರೌಂಡ್ ಹೊಡೀಬೇಕು. ನೀವು ಕಮೆಂಟಲ್ಲಿ ಹೇಳಿದಂಗೆ ಹಿಂದಿನ ಬ್ರೇಕ್ ಒಂದೇ ಇಟ್ಟಿದೀನಿ, ಸಾಕಲ್ವಾ?"

ಕಮೆಂಟಲ್ಲಿ ಹಂಗೆ ಹೇಳಿದ್ದು ನಿಜ. ಯಾರೋ ಕೇಳಿದ್ರು, "ಸದ್ಯಕ್ಕೆ ಹಿಂದಿನ ಡ್ರಮ್ ಸಾಕು ಬಾಸ್" ಅಂತ ಎರಡು ಸೆಕೆಂಡಲ್ಲಿ ಟೈಪ್ ಮಾಡಿ ಮರೆತಿದ್ದೆ. ಆ ಹುಡುಗ ಮರೆತಿಲ್ಲ.

ಅದಕ್ಕೇ ಈ ಸರಣಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಯೋರು ಬೈಯಿರಿ. ಇಂಥ ಗಾಡಿ ಕಟ್ಟಿ, ಖಂಡಿತ ಕಟ್ಟಿ. ಆದ್ರೆ "ಬರೀ ಇಷ್ಟರಲ್ಲಿ ಮಾಡಿದ್ವಿ" ಅನ್ನೋ ನಂಬರನ್ನ ನಂಬಬೇಡಿ, ನಂದನ್ನೂ ಸೇರಿಸಿ. ಮತ್ತೆ ಈಗಿರೋ ಕಾನೂನಲ್ಲಿ ಅದನ್ನ ರೋಡಿಗೆ ಇಳಿಸಬೇಡಿ. ಆ ಕಾನೂನು ಬದಲಾಗಬೇಕು ಅಂತಾನೂ ನಾನು ಹೇಳ್ತೀನಿ, ಅದಕ್ಕೆ ಐದನೇ ಪೋಸ್ಟಲ್ಲಿ ಬರ್ತೀನಿ.

2/6

ಮೊದಲು ಈ ಗಾಡಿ ಕಟ್ಟಿದ್ದು ಯಾರು ಅನ್ನೋದು. ನಾನಲ್ಲ. ನಮ್ಮ ಅತ್ತೆ ಮಗ, ನನಗೆ ಭಾವ ಆಗಬೇಕು. ಐಟಿಐ ಫಿಟ್ಟರ್ ಮುಗಿಸಿ ಗೇಟು, ಕಿಟಕಿ ಗ್ರಿಲ್ ಮಾಡೋ ಶಾಪಲ್ಲಿ ಕೆಲಸ ಮಾಡ್ತಾರೆ. ನಾನು ಹಿಡ್ಕೊ ಅಂದ ಕಡೆ ಹಿಡ್ಕೊಂಡೆ, ಬಿಲ್ ಎತ್ತಿಟ್ಟೆ, ಫೋನ್ ಹಿಡಿದು ಶೂಟ್ ಮಾಡಿದೆ. ರೀಲಲ್ಲಿ ಭಾವನ ಕೈ ಮಾತ್ರ ಕಾಣುತ್ತೆ, ಮುಖ ನಂದು.

ಯಾಕೆ ಮೂರೇ ಚಕ್ರ ಅಂತ ತುಂಬಾ ಜನ ಕೇಳಿದ್ರಿ. ಸೋಂಬೇರಿತನ ಅಂದ್ಕೊಂಡ್ರೆ ಪೂರ್ತಿ ತಪ್ಪಲ್ಲ. ಬೈಕಿನ ಹಿಂದಿನ ಅರ್ಧ ಹಾಗೇ ಉಳಿಸಿಕೊಂಡ್ರೆ ಇಂಜಿನ್, ಗೇರ್‌ಬಾಕ್ಸ್, ಚೈನು, ಸ್ವಿಂಗ್‌ಆರ್ಮ್, ಚಕ್ರ ಎಲ್ಲಾ ಜೋಡಿಸಿದ ಸ್ಥಿತಿಯಲ್ಲೇ ಸಿಗುತ್ತೆ. ಹಿಂದೆ ಎರಡು ಚಕ್ರ ಹಾಕಿ ಎರಡಕ್ಕೂ ಶಕ್ತಿ ಕೊಡಬೇಕು ಅಂದ್ರೆ ಡಿಫರೆನ್ಷಿಯಲ್ ಬೇಕು, ಯಾಕಂದ್ರೆ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಹಿಂದೆ ಒಂದೇ ಚಕ್ರ ಇದ್ರೆ ಆ ತಲೆನೋವೇ ಇಲ್ಲ. ಮುಂದಕ್ಕೆ ಗುಜರಿಗೆ ಬಂದಿದ್ದ ಮಾರುತಿ 800ರ ಸ್ಟೇರಿಂಗು, ಸಸ್ಪೆನ್ಷನ್ನು, 12 ಇಂಚಿನ ಚಕ್ರ. ನಡುವೆ ಸ್ಕ್ವೇರ್ ಪೈಪ್ ಚಾಸಿ. ಮೂರು ಕಾಲಿನ ಸ್ಟೂಲು ಎಂಥ ಅಂಕುಡೊಂಕು ನೆಲದ ಮೇಲೂ ಅಲ್ಲಾಡಲ್ಲ ನೋಡಿ, ಹಂಗೆ ಇದರ ಮೂರೂ ಚಕ್ರ ಯಾವಾಗಲೂ ನೆಲ ಕಚ್ಚಿರುತ್ತೆ. ಐಡಿಯಾ ನಮ್ಮದೇನಲ್ಲ. ಇಂಗ್ಲೆಂಡಿನ ಮೋರ್ಗನ್ 1910ರಲ್ಲೇ ಮುಂದೆ ಎರಡು, ಹಿಂದೆ ಒಂದು ಚಕ್ರ, ಚೈನ್ ಇರೋ ಗಾಡಿ ಮಾಡಿತ್ತು. ಅದರ ಇಂಜಿನ್ ಮಾತ್ರ ಮುಂದಿತ್ತು.

ತಾಪತ್ರಯಗಳೂ ಇವೆ. ಬೈಕಿಗೆ ರಿವರ್ಸ್ ಗೇರ್ ಇರಲ್ಲ, ಹಾಗಾಗಿ ನಮ್ಮ ರಿವರ್ಸ್ ಗೇರ್ ನಾನೇ, ಇಳಿದು ತಳ್ತೀನಿ. ಬೈಕ್ ಇಂಜಿನ್ ತಣ್ಣಗಾಗೋದು ಎದುರುಗಾಳಿಯಿಂದ. ಸೀಟಿನ ಹಿಂದೆ ತಗಡಿನೊಳಗೆ ಮುಚ್ಚಿಟ್ರೆ ಗಾಳಿ ಎಲ್ಲಿಂದ ಬರುತ್ತೆ? ಇಪ್ಪತ್ತು ನಿಮಿಷಕ್ಕೆ ಸುಟ್ಟ ವಾಸನೆ. ಹಳೇ ಆಟೋಗಳ ಇಂಜಿನ್ನಿಗೆ ಕಂಪನಿಯವರೇ ಫ್ಯಾನ್ ಕೊಟ್ಟು, ಸುತ್ತ ಕವರ್ ಮಾಡಿ ಗಾಳಿ ತಳ್ಳಿಸ್ತಿದ್ದಿದ್ದು ಯಾಕೆ ಅಂತ ಆವತ್ತು ಅರ್ಥ ಆಯ್ತು.

ಹಿಂದಿನ ಚಕ್ರದ ಬಗ್ಗೆ ಇನ್ನೊಂದು ಮಾತು. ಬೈಕು ತಿರುವಿನಲ್ಲಿ ವಾಲುತ್ತೆ, ಹಾಗಾಗಿ ಅದರ ಸ್ಪೋಕ್‌ಗಳಿಗೆ ಪಕ್ಕದ ಒತ್ತಡ ಅಷ್ಟಾಗಿ ಬೀಳಲ್ಲ. ನಮ್ಮ ಗಾಡಿ ವಾಲಲ್ಲ, ನೆಟ್ಟಗೆ ನಿಂತೇ ತಿರುಗುತ್ತೆ. ಎಲ್ಲಾ ಒತ್ತಡ ಪಕ್ಕದಿಂದಲೇ. ಎರಡು ತಿಂಗಳಲ್ಲಿ ಐದು ಸ್ಪೋಕ್ ಮುರಿದಿದೆ.

3/6

ಈಗ ಲೆಕ್ಕ. ಇದು ನನ್ನ ಏರಿಯಾ.

42 ಸಾವಿರ ಎಲ್ಲಿಂದ ಬಂತು? ಮುಂಭಾಗ ನುಜ್ಜಾಗಿದ್ದ ಬೈಕು 13,500. ಮಾರುತಿಯ ಭಾಗಗಳು 8,000. ಪೈಪು, ತಗಡು 11,200. ವೆಲ್ಡಿಂಗ್ ರಾಡು, ಕಟಿಂಗ್ ವೀಲು, ಬೋಲ್ಟು, ವೈರು, ಪೇಂಟು ಅಂತ ಚಿಲ್ಲರೆ ಖರ್ಚು 9,300. ಕೂಡಿಸಿ, ಸರಿಯಾಗಿ 42,000 ಬರುತ್ತೆ. ಎಲ್ಲದಕ್ಕೂ ಚೀಟಿ ಇದೆ. ಕೂಡಿದ್ದು ಸರಿ, ಆದ್ರೆ ಲೆಕ್ಕ ಸುಳ್ಳು.

ಯಾಕಂದ್ರೆ ಭಾವನ ಕೆಲಸ ಅದರಲ್ಲಿ ಇಲ್ಲ. ನಾನು ಡೈರಿಯಲ್ಲಿ ದಿನಾಂಕ ಬರೆದಿಟ್ಟಿದ್ದಕ್ಕೆ ಕೂಡಿಸೋಕಾಯ್ತು: ಏಳು ತಿಂಗಳಲ್ಲಿ 310 ಗಂಟೆ. ಶಾಪಲ್ಲಿ ಅವರಿಗೆ ಎಂಟು ಗಂಟೆಗೆ 800 ರೂಪಾಯಿ ಕೂಲಿ. ಅದೇ ರೇಟು ಹಾಕಿದ್ರೂ 31,000. ಶೆಡ್ಡು ಮಾವಂದು, ಕರೆಂಟ್ ಬಿಲ್ ಮಾವಂದು, ವೆಲ್ಡಿಂಗ್ ಮಷಿನ್ ಮಾವಂದು. ತಿಂಗಳಿಗೆ 1,500 ಅಂತ ಕಡಿಮೆ ಹಿಡಿದ್ರೂ 10,500. ಸೆಕೆಂಡ್ ಇಯರ್‌ನವರು ಕಾಸ್ಟ್ ಅಕೌಂಟಿಂಗಲ್ಲಿ ನೋಷನಲ್ ರೆಂಟ್ ಅಂತ ಓದಿರ್ತೀರಲ್ಲ, ಎರಡು ಮಾರ್ಕಿನ ಪ್ರಶ್ನೆ, ಅದು ಇದೇ. ದುಡ್ಡು ಕೈಯಿಂದ ಹೋಗಿಲ್ಲ ಅಂದ ಮಾತ್ರಕ್ಕೆ ಖರ್ಚಾಗಿಲ್ಲ ಅಂತಲ್ಲ. ಸಾಮಾನು ಹುಡುಕಿಕೊಂಡು ಬೆಂಗಳೂರಿನ ಗುಜರಿಗೆ, ಜೆಸಿ ರೋಡಿಗೆ ಓಡಾಡಿದ್ದು 3,900. ಆಮೇಲೆ ಬ್ರೇಕ್ ಪೂರ್ತಿ ಹೊಸದಾಗಿ ಮಾಡಿಸಿದ್ದು 8,600.

ಒಟ್ಟು 96,000.

ಇದನ್ನ ಭಾವನಿಗೆ ತೋರಿಸಿದಾಗ ಅವರು ನಕ್ಕರು. "ಲೋ, ನನ್ನ ಕೂಲಿ ಯಾಕೋ ಬರೆದಿದೀಯ? ಅದು ನನ್ನ ಖುಷಿಗೆ ಮಾಡಿದ್ದು" ಅಂದ್ರು. ಸರಿ, ಅವರ ಖುಷಿ. ಆದ್ರೆ ಆ ಪಿಯುಸಿ ಹುಡುಗನ ಮನೆಯಲ್ಲಿ ವೆಲ್ಡಿಂಗ್ ಬರೋ ಭಾವ ಇದ್ದಾರಾ? ಮಷಿನ್ ಇರೋ ಮಾವ ಇದ್ದಾರಾ? ನನ್ನ ನಂಬರ್ ನೋಡಿ 42 ಸಾವಿರ ಹೊಂದಿಸಿಕೊಂಡಿದ್ದಾನೆ. ಅರ್ಧ ದಾರಿಗೆ ಬಂದಾಗ ದುಡ್ಡು ಮುಗಿಯುತ್ತೆ. ಮುಗಿದಾಗ ಅವನು ಯಾವುದನ್ನ ಬಿಡ್ತಾನೆ ಹೇಳಿ? ಪೇಂಟ್ ಬಿಡಲ್ಲ. ಪೇಂಟ್ ಕ್ಯಾಮೆರಾಗೆ ಕಾಣುತ್ತೆ. ಬ್ರೇಕ್ ಬಿಡ್ತಾನೆ.

ಹೆಂಗೆ ಗೊತ್ತು ಅಂತೀರಾ? ನಾವೂ ಅದನ್ನೇ ಬಿಟ್ಟಿದ್ದು.

4/6

ರೀಲಿನ ಕೊನೆಗೆ ಗಾಡಿ ಕ್ಯಾಮೆರಾ ಕಡೆ ತಿರುಗಿ ಬರುತ್ತೆ, ಕಟ್ ಆಗುತ್ತೆ, ಹಾಡಿನ ಬೀಟ್ ಬೀಳುತ್ತೆ. ಸೂಪರ್ ಎಡಿಟ್ ಅಂತ ಹೊಗಳಿದ್ರಿ. ಅಲ್ಲಿ ನಾನು ನಾಲ್ಕು ಸೆಕೆಂಡ್ ಕತ್ತರಿಸಿದ್ದೀನಿ.

ಆವತ್ತು ಗಾಡಿಗೆ ಇದ್ದಿದ್ದು ಹಿಂದಿನ ಚಕ್ರದ ಡ್ರಮ್ ಬ್ರೇಕ್ ಮಾತ್ರ. ಮುಂದೆ ಮಾರುತಿಯ ಡಿಸ್ಕ್ ಇತ್ತು, ಆದ್ರೆ ಮಾಸ್ಟರ್ ಸಿಲಿಂಡರ್ ಲೀಕು. ಭಾವ "ಹೊಸದು ಹಾಕೋ ತನಕ ಓಡಿಸೋದು ಬೇಡ" ಅಂದಿದ್ರು. ಭಾನುವಾರ ಬೆಳಕು ಚೆನ್ನಾಗಿದೆ, ಇವತ್ತೇ ಶೂಟ್ ಮಾಡೋಣ ಅಂತ ಹಠ ಹಿಡಿದಿದ್ದು ನಾನು. ಓಡಿಸ್ತಾ ಇದ್ದಿದ್ದೂ ನಾನೇ. ಫೋನ್ ಹಿಡಿದು ನಿಂತಿದ್ದು ಭಾವನ ತಮ್ಮ, ಒಂಬತ್ತನೇ ಕ್ಲಾಸು.

ಸುಮಾರು 30 ಕಿಲೋಮೀಟರ್ ಸ್ಪೀಡಲ್ಲಿ ತಿರುಗಿಸ್ತಾ ಬ್ರೇಕ್ ಒತ್ತಿದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಹಗುರಾದ ಚಕ್ರಕ್ಕೇ ಬ್ರೇಕ್ ಇದ್ರೆ ಅದು ಲಾಕ್ ಆಗಿ ಜಾರುತ್ತೆ ಅಷ್ಟೇ, ಗಾಡಿ ನಿಲ್ಲಲ್ಲ. ನಮ್ಮದೂ ಹಂಗೇ ಆಯ್ತು. ಹಿಂಭಾಗ ಸುತ್ತಿಕೊಂಡು ಬಂತು. ಒಳಗಿನ ಮುಂಚಕ್ರ ನೆಲ ಬಿಟ್ಟು ಎದ್ದಿದ್ದು ಸ್ಟೇರಿಂಗಲ್ಲೇ ಗೊತ್ತಾಯ್ತು, ಒಮ್ಮೆಗೇ ಹಗುರ. ಹುಡುಗ ಫೋನ್ ಬಿಸಾಕಿ ಬದುವಿನ ಆ ಕಡೆ ಹಾರಿದ. ಅವನು ನಿಂತಿದ್ದ ಜಾಗ ದಾಟಿ, ತೆಂಗಿನ ಸಿಪ್ಪೆ ರಾಶಿಗೆ ನುಗ್ಗಿ ಗಾಡಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಹುಡುಗನ ಮೊಣಕಾಲು ತರಚಿತ್ತು. ಫೋನ್ ಗ್ಲಾಸ್ ಹೋಯ್ತು. ಭಾವ ನನ್ನ ಹತ್ರ ಎರಡು ದಿನ ಮಾತಾಡಲಿಲ್ಲ. ನಾನು ರಾತ್ರಿ ಕೂತು ಆ ನಾಲ್ಕು ಸೆಕೆಂಡ್ ಕತ್ತರಿಸಿ, ಹಾಡು ಹಾಕಿ, "ಬರೀ 42 ಸಾವಿರ" ಅಂತ ಬರೆದು ಪೋಸ್ಟ್ ಮಾಡಿದೆ.

ಈ ಪೋಸ್ಟಿನ ಎರಡನೇ ಸ್ಲೈಡಲ್ಲಿ ಆ ನಾಲ್ಕು ಸೆಕೆಂಡ್ ಇದೆ. ಹುಡುಗನ ಅಮ್ಮನ ಹತ್ರ ಕೇಳಿಯೇ ಹಾಕಿದ್ದೀನಿ. ಅವರು ಹಾಕು ಅನ್ನೋ ಮೊದಲು ನನಗೆ ಏನೆಲ್ಲಾ ಅಂದ್ರು ಅನ್ನೋದನ್ನ ಇಲ್ಲಿ ಬರೆಯಲ್ಲ.

ಆಮೇಲೆ ಏನು ಮಾಡಿದ್ವಿ ಅಂದ್ರೆ, ಇಂಜಿನಿಯರಿಂಗ್ ಹುಡುಗರ ನಿಯಮ ಕದ್ದೆವು. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇನಲ್ಲಿ ಫಾರ್ಮುಲಾ ಭಾರತ್ ಅಂತ ಸ್ಪರ್ಧೆ ನಡೆಯುತ್ತೆ, ಕಾಲೇಜು ತಂಡಗಳು ತಾವೇ ಕಟ್ಟಿದ ಕಾರು ತರ್ತಾರೆ, ಬೈಕ್ ಇಂಜಿನ್ ಹಾಕಿರೋವೂ ಇರ್ತವೆ. ಆ ಥರದ ಸ್ಪರ್ಧೆಗಳಲ್ಲಿ ಟ್ರ್ಯಾಕಿಗೆ ಬಿಡೋ ಮೊದಲು ಎರಡು ಪರೀಕ್ಷೆ ಪಾಸಾಗಬೇಕು. ಬ್ರೇಕ್ ಒತ್ತಿದ್ರೆ ನಾಲ್ಕೂ ಚಕ್ರ ಲಾಕ್ ಆಗಬೇಕು. ಕಾರನ್ನ ಒಂದು ಪಕ್ಕಕ್ಕೆ 60 ಡಿಗ್ರಿ ವಾಲಿಸಿದ್ರೂ ಮಗುಚಬಾರದು.

ನಾವು ಹಳೇ ಬಾಗಿಲಿನ ಹಲಗೆ ಮೇಲೆ ಗಾಡಿ ನಿಲ್ಲಿಸಿ, ಸೀಟಲ್ಲಿ ಎರಡು ಮರಳು ಮೂಟೆ ಕೂರಿಸಿ, ಪಕ್ಕಕ್ಕೆ ಬೀಳದ ಹಾಗೆ ಹಗ್ಗ ಕಟ್ಟಿ, ಒಂದು ಕಡೆಯಿಂದ ಜ್ಯಾಕ್ ಕೊಟ್ಟು ನಿಧಾನಕ್ಕೆ ಎತ್ತಿದೆವು. ಫೋನಿನಲ್ಲಿ ಕೋನ ತೋರಿಸೋ ಆ್ಯಪ್. 26 ಡಿಗ್ರಿಗೆ ಮೇಲಿನ ಚಕ್ರದ ಕೆಳಗಿಂದ ಪೇಪರ್ ಎಳೆದ್ರೆ ಬಂತು. ಅಲ್ಲಿಗೆ ಮುಗೀತು. ಮೂರು ಚಕ್ರ ನೆಲ ಮುಟ್ಟೋ ಜಾಗಗಳನ್ನ ಸೇರಿಸಿದ್ರೆ ಒಂದು ತ್ರಿಕೋನ ಬರುತ್ತಲ್ಲ, ಭಾರ ಅದರ ಅಗಲವಾದ ಕಡೆಗೆ, ಅಂದ್ರೆ ಮುಂಚಕ್ರಗಳ ಹತ್ತಿರಕ್ಕೆ ಇದ್ದಷ್ಟೂ ಗಾಡಿ ಗಟ್ಟಿ. ನಮ್ಮ ಸೀಟು ತೀರಾ ಹಿಂದಿತ್ತು, ಎತ್ತರಕ್ಕಿತ್ತು. ಭಾವ ಸೀಟನ್ನ ಒಂದು ಅಡಿ ಮುಂದಕ್ಕೆ, ನಾಲ್ಕು ಇಂಚು ಕೆಳಕ್ಕೆ ತಂದ್ರು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮುಂದಕ್ಕೆ ಹೋಯ್ತು. ಮತ್ತೆ ಎತ್ತಿದಾಗ 32 ಡಿಗ್ರಿ.

ಖುಷಿಪಟ್ಟಿದ್ವಿ. ಮೆಕ್ಯಾನಿಕಲ್ ಓದೋ ಗೆಳೆಯ ಲೆಕ್ಕ ಮಾಡಿಕೊಟ್ಟ: ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲು ಸುಮಾರು 25 ಕಿಲೋಮೀಟರ್ ಸ್ಪೀಡಿಗೆ ಚಕ್ರ ಏಳ್ತಿತ್ತು, ಈಗ 28ಕ್ಕೆ. ಎರಡು ವಾರದ ಕೆಲಸಕ್ಕೆ ಸಿಕ್ಕಿದ್ದು ಮೂರು ಕಿಲೋಮೀಟರ್.

5/6

"ಮಗಾ, ಬೈಕಿಗೆ ಆರ್‌ಸಿ ಇದೆಯಲ್ಲ, ಅದನ್ನೇ ತೋರಿಸು" ಅಂತ ಹೇಳಿದವರಿಗೆ. ಆರ್‌ಸಿಯಲ್ಲಿ ಇರೋದು ಎರಡು ಚಕ್ರದ ಮೋಟಾರ್ ಸೈಕಲ್. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ನಮ್ಮದು ಬದಲಾವಣೆ ಅಲ್ಲ, ಪುನರ್ಜನ್ಮ. ಹೊಸ ಗಾಡಿ ಅಂತ ನೋಂದಣಿ ಮಾಡಿಸೋಣ ಅಂದ್ರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಆಗಬೇಕು. ಅದು ಸಾವಿರಾರು ಗಾಡಿ ಮಾರೋ ಕಂಪನಿಗಳಿಗೆ ಮಾಡಿದ ದಾರಿ. ಒಂದೇ ಗಾಡಿ ಕಟ್ಟೋನು ಅಲ್ಲಿ ಹೋಗಿ ಏನು ಮಾಡ್ತಾನೆ?

ನೋಂದಣಿ ಇಲ್ಲ ಅಂದ್ರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲ. ದಯವಿಟ್ಟು ಇದನ್ನ ದಂಡದ ವಿಷಯ ಅಂದ್ಕೊಳ್ಳಬೇಡಿ. ದಂಡ ಕಟ್ಟಬಹುದು. ನಿಮ್ಮ ಗಾಡಿಯಿಂದ ಯಾರಿಗಾದ್ರೂ ಆದ್ರೆ, ಟ್ರಿಬ್ಯೂನಲ್ ಹಾಕೋ ಪರಿಹಾರ ಗಾಡಿ ಮಾಲೀಕನ ತಲೆ ಮೇಲೆ. ದುಡಿಯೋ ಮನುಷ್ಯ ಹೋದ್ರೆ ಅವನ ವಯಸ್ಸು, ಸಂಪಾದನೆ ನೋಡಿ ಲೆಕ್ಕ ಹಾಕ್ತಾರೆ, ಸುಲಭವಾಗಿ ಲಕ್ಷಗಳು. ಫಸ್ಟ್ ಇಯರಲ್ಲಿ ಓದಿದ ಅನ್‌ಲಿಮಿಟೆಡ್ ಲಯಬಿಲಿಟಿ ನೆನಪಿಸಿಕೊಳ್ಳಿ. ಆ ಹುಡುಗ ಒಂದು ರೌಂಡ್ ಹೊಡೆಯೋಕೆ ಅವನಪ್ಪನ ಜಮೀನನ್ನ ಪಣಕ್ಕಿಡ್ತಾ ಇದ್ದಾನೆ, ಅವನಪ್ಪನಿಗೆ ಗೊತ್ತೇ ಇಲ್ಲ.

ಹಾಗಂತ ಕಾನೂನು ಸರಿ ಇದೆ ಅಂತ ನಾನು ಹೇಳಲ್ಲ. ಬೆಂಗಳೂರಲ್ಲೇ 1970ರ ದಶಕದಲ್ಲಿ ಸನ್‌ರೈಸ್ ಅನ್ನೋ ಕಂಪನಿ ಬಾದಲ್ ಅಂತ ಮೂರು ಚಕ್ರದ ಕಾರು ಮಾಡ್ತಿತ್ತು, ಗೊತ್ತಾ? ಫೈಬರ್ ಬಾಡಿ, 198 ಸಿಸಿ ಇಂಜಿನ್. ಅದೇ ಕಂಪನಿ ಆಮೇಲೆ ಸಿಪಾನಿ ಆಗಿ ಡಾಲ್ಫಿನ್ ಕಾರು ಮಾಡಿತು. ಬಾದಲ್‌ದು ಮುಂದೆ ಒಂದೇ ಚಕ್ರ, ಹಾಗಾಗಿ ನನಗೆ ಆ ವಿನ್ಯಾಸ ಇಷ್ಟ ಇಲ್ಲ, ಅದು ಬೇರೆ. ನಮ್ಮೂರಿಗೆ ಹೊಸದಲ್ಲ ಅನ್ನೋದಷ್ಟೇ ಮಾತು.

ಹೊಸ ಥರದ ಸಣ್ಣ ಗಾಡಿಗೆ ಜಾಗ ಮಾಡೋದ್ರಲ್ಲಿ ನಮ್ಮ ವ್ಯವಸ್ಥೆ ಎಷ್ಟು ನಿಧಾನ ಅಂದ್ರೆ, ಬಜಾಜ್ ತನ್ನ ಪುಟ್ಟ ನಾಲ್ಕು ಚಕ್ರದ ಗಾಡಿ ತೋರಿಸಿದ್ದು 2012ರ ಜನವರಿಯಲ್ಲಿ. ಕ್ಯೂಟ್ ಅಂತ ಹೆಸರಾಗಿ ಅದು ಇಲ್ಲಿನ ಜನರ ಸ್ವಂತ ಬಳಕೆಗೆ ಮಾರಾಟಕ್ಕೆ ಬಂದಿದ್ದು 2019ರಲ್ಲಿ. ವಕೀಲರ ಸೈನ್ಯ ಇರೋ ಕಂಪನಿಗೇ ಏಳು ವರ್ಷ. 2021ರ ಡಿಸೆಂಬರಲ್ಲಿ ಸಾಂಗ್ಲಿ ಜಿಲ್ಲೆಯ ಒಬ್ಬ ಕಮ್ಮಾರರು ಗುಜರಿ ಸಾಮಾನಿಂದ ಕಟ್ಟಿದ, ಕಿಕ್ ಹೊಡೆದು ಸ್ಟಾರ್ಟ್ ಮಾಡೋ ಪುಟ್ಟ ಜೀಪ್ ವೈರಲ್ ಆಯ್ತು. ಆನಂದ್ ಮಹೀಂದ್ರಾ ಹೊಗಳಿದ್ರು, ನಿಯಮಕ್ಕೆ ಹೊಂದದ ಕಾರಣ ಅಧಿಕಾರಿಗಳು ಇವತ್ತಲ್ಲ ನಾಳೆ ತಡೀತಾರೆ ಅಂದ್ರು, ಅದರ ಬದಲಿಗೆ ಬೊಲೆರೊ ಕೊಟ್ರು. ನಾವೆಲ್ಲಾ ಶೇರ್ ಮಾಡಿ ಕಣ್ಣೀರು ಹಾಕಿದ್ವಿ. ನನಗೂ ಖುಷಿ ಆಗಿತ್ತು. ಈಗ ಯೋಚಿಸಿದ್ರೆ, ಅವರ ಕೈಯಿಂದಲೇ ಆದ ಗಾಡಿಗೆ ರೋಡಲ್ಲಿ ಜಾಗ ಸಿಗಲಿಲ್ಲ. ಸಿಕ್ಕಿದ್ದು ಬಹುಮಾನ. ಎಲ್ಲರಿಗೂ ಬೊಲೆರೊ ಕೊಡೋಕಾಗಲ್ಲವಲ್ಲ.

ಬ್ರಿಟನ್ನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಗಾಡಿಗೂ ಸರ್ಕಾರಿ ಪರೀಕ್ಷೆ ಇದೆ. ಮೂರು ಚಕ್ರದವಕ್ಕೆ ಮೋಟಾರ್‌ಸೈಕಲ್ ಸಿಂಗಲ್ ವೆಹಿಕಲ್ ಅಪ್ರೂವಲ್ ಅಂತ. ಬ್ರೇಕು, ಲೈಟು, ಹೊಗೆ, ಶಬ್ದ ನೋಡ್ತಾರೆ. ಪಾಸಾದ್ರೆ ನೋಂದಣಿ ಮಾಡಿಸಬಹುದು. ನಾನು ಕೇಳೋದು ಅದನ್ನೇ. ನಿಯಮ ಸಡಿಲ ಮಾಡಿ ಅಂತಲ್ಲ, ನಮ್ಮನ್ನೂ ಪರೀಕ್ಷೆ ಮಾಡಿ ಅಂತ. ವರ್ಷಕ್ಕೆ ಎರಡು ಸಲ, ವಿಭಾಗಕ್ಕೆ ಒಂದು ಕಡೆ ಆಗಲಿ. ಫೀಸ್ ಹತ್ತು ಸಾವಿರ ಇರಲಿ. ಫೇಲ್ ಮಾಡಿದ್ರೆ ಯಾಕೆ ಅಂತ ಚೀಟಿಯಲ್ಲಿ ಬರೆದುಕೊಡಲಿ.

"ಹಂಗಾದ್ರೆ ರೋಡ್ ತುಂಬಾ ಡಬ್ಬಾ ಗಾಡಿ ಆಗುತ್ತೆ" ಅಂತ ನಮ್ಮ ಕ್ಲಾಸಿನವನೊಬ್ಬ ವಾದ ಮಾಡಿದ. ಆಗಲ್ಲ ಅನ್ಸುತ್ತೆ ನನಗೆ. 96 ಸಾವಿರ ಖರ್ಚಾಗುತ್ತೆ, ಪರೀಕ್ಷೆಯಲ್ಲಿ ಫೇಲೂ ಆಗಬಹುದು ಅಂತ ಗೊತ್ತಾದ್ರೆ ಹತ್ತರಲ್ಲಿ ಒಂಬತ್ತು ಜನ ಶುರುನೇ ಮಾಡಲ್ಲ. ಉಳಿದ ಒಬ್ಬ ನಮ್ಮ ಭಾವನ ಥರದವನು. ಪರೀಕ್ಷೆ ಇದೆ ಅಂದಿದ್ರೆ ನಾವೂ ಮೊದಲು ಬ್ರೇಕ್ ಮಾಡಿ ಆಮೇಲೆ ಪೇಂಟ್ ಮಾಡ್ತಿದ್ವಿ. ಈಗ ನಮ್ಮನ್ನ ಪಾಸು ಮಾಡೋದು ಲೈಕು, ಲೈಕಿಗೆ ಬ್ರೇಕ್ ಕಾಣಲ್ಲ.

ಇನ್ನೊಂದು ಹೊಟ್ಟೆಕಿಚ್ಚಿನ ಮಾತು. ಇಂಜಿನಿಯರಿಂಗ್ ಹುಡುಗರಿಗೆ ಸ್ಪರ್ಧೆ, ಟ್ರ್ಯಾಕು, ತಪಾಸಣೆ ಎಲ್ಲಾ ಇದೆ. ಐಟಿಐ ಮುಗಿಸಿದ ಭಾವನಿಗೆ ಏನಿದೆ? ಬೀಳು ಹೊಲ, ತೆಂಗಿನ ಸಿಪ್ಪೆ ರಾಶಿ. ಇವರಿಬ್ಬರಲ್ಲಿ ಚೆನ್ನಾಗಿ ವೆಲ್ಡಿಂಗ್ ಮಾಡೋರು ಯಾರು ಅಂತ ನನ್ನನ್ನ ಕೇಳಬೇಡಿ, ನಾನು ನಿಷ್ಪಕ್ಷಪಾತಿ ಅಲ್ಲ.

6/6

ಆ ಹುಡುಗನಿಗೆ ಫೋನ್ ಮಾಡಿದೆ. ಮೊದಲು ನಾನು ಹೇಳಿದ್ದು ತಪ್ಪು ಅಂದೆ, ಆಮೇಲೆ ನಾಲ್ಕು ಸೆಕೆಂಡಿನ ವಿಡಿಯೋ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅಣ್ಣಾ, ಫ್ರೆಂಡ್ಸ್‌ಗೆಲ್ಲಾ ಹಬ್ಬಕ್ಕೆ ಬರುತ್ತೆ ಅಂತ ಹೇಳ್ಬಿಟ್ಟಿದೀನಿ" ಅಂದ. ಆ ಸಂಕಟ ನನಗೆ ಅರ್ಥ ಆಗುತ್ತೆ, ನನ್ನದೂ ಅದೇ ರೋಗ. ಕೊನೆಗೆ ಭಾವನ ಕೈಗೆ ಫೋನ್ ಕೊಟ್ಟೆ. ಅವರಿಬ್ಬರು ಮುಕ್ಕಾಲು ಗಂಟೆ ಮಾಸ್ಟರ್ ಸಿಲಿಂಡರ್ ಬಗ್ಗೆ ಮಾತಾಡಿದ್ರು. ನನಗೆ ಅರ್ಧ ಅರ್ಥ ಆಗಲಿಲ್ಲ. ಹಬ್ಬಕ್ಕೆ ಗಾಡಿ ರೋಡಿಗೆ ಬರಲ್ಲ ಅಂತ ಒಪ್ಪಿದ್ದಾನೆ. ರಜೆಯಲ್ಲಿ ಇಲ್ಲಿಗೆ ಬಂದು ಒಂದು ವಾರ ಇರ್ತಾನಂತೆ, ಅವನ ಅಪ್ಪನ ಹತ್ರಾನೂ ಭಾವ ಮಾತಾಡಿದ್ದಾರೆ.

ಹಳೇ ರೀಲ್ ಡಿಲೀಟ್ ಮಾಡಿಲ್ಲ. ಮೇಲಿನ ನಂಬರ್ ಮಾತ್ರ ವಿಡಿಯೋದೊಳಗೆ ಸೇರಿಕೊಂಡಿದೆ, ಬದಲಾಯಿಸೋಕಾಗಲ್ಲ. ಮೊದಲ ಕಮೆಂಟಲ್ಲಿ 96,000 ಅಂತ ಬರೆದು ಪಿನ್ ಮಾಡಿದ್ದೀನಿ. ಬ್ರೇಕ್ ಬಗ್ಗೆ ನಾನು ಬರೆದಿದ್ದ ಕಮೆಂಟಿನ ಕೆಳಗೆ ತಪ್ಪು ಅಂತಾನೂ ಬರೆದಿದ್ದೀನಿ. ಯಾರಾದ್ರೂ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ರೆ ದಯವಿಟ್ಟು ಅಳಿಸಿಬಿಡಿ.

ಈ ಭಾನುವಾರ ಭಾವ ಹಿಂದಿನ ಸ್ಪೋಕ್ ಚಕ್ರ ತೆಗೆದು ಅಲಾಯ್ ಹಾಕ್ತಾ ಇದ್ದಾರೆ. ಗುಜರಿಯಲ್ಲಿ 2,200 ಹೇಳಿದ್ರು, 1,700ಕ್ಕೆ ಇಳಿಸಿದೆ. ಕೂಲಿ ನಾಲ್ಕು ಗಂಟೆ ಆಗಬಹುದು, 400. ಭಾವ ಬೇಡ ಅಂದ್ರೂ ಬರೀತೀನಿ. ಹೊಲದ ಸುತ್ತ ಹಗ್ಗ ಕಟ್ಟಿ, ಯಾರನ್ನೂ ಒಳಗೆ ಬಿಡದೆ, ಫೋನನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ಶೂಟ್ ಮಾಡ್ತೀವಿ. ಈ ಸಲ ಓಡಿಸೋದು ಭಾವ, ನಾನು ರಿವರ್ಸ್ ಗೇರ್.

#ಮೂರುಚಕ್ರ #ಗುಜರಿಕಾರು #ಬಿಕಾಂಲೆಕ್ಕ